ಡಿಸ್ನಿ ವರ್ಲ್ಡ್ ಪ್ರವಾಸ: ಬುಕ್ ಮಾಡುವ ಮೊದಲು ಹಾಕಬೇಕಾದ ಲೆಕ್ಕ

ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಫ್ಲಾರಿಡಾದ ಡಿಸ್ನಿ ವರ್ಲ್ಡ್‌ಗೆ ಯಾವಾಗ ಹೋಗುವುದು ಎಂಬ ಮಾತು ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಹೋಗಬೇಕೇ ಬೇಡವೇ ಎಂದು ಕೇಳಿಕೊಳ್ಳುವವರು ಕಡಿಮೆ. ಕನ್ನಡ ಕೂಟದ ಸ್ನೇಹಿತರೆಲ್ಲ ಹೋಗಿ ಬಂದಿದ್ದಾರೆ, ಮಗಳ ತರಗತಿಯಲ್ಲಿ ಅರ್ಧದಷ್ಟು ಮಕ್ಕಳು ಮಿಕ್ಕಿಯ ಕಿವಿ ತೊಟ್ಟು ಫೋಟೋ ತೆಗೆಸಿಕೊಂಡಿದ್ದಾರೆ, ಹೀಗಿರುವಾಗ ನಾವು ಕರೆದೊಯ್ಯದಿದ್ದರೆ ಮಕ್ಕಳಿಗೆ ಅನ್ಯಾಯ ಮಾಡಿದಂತೆ ಎಂಬ ಅಳುಕು ತಂದೆತಾಯಿಯರನ್ನು ಕಾಡುತ್ತದೆ. ಆ ಅಳುಕಿನಲ್ಲೇ ಕ್ರೆಡಿಟ್ ಕಾರ್ಡ್ ತೆಗೆದು ಬುಕ್ ಮಾಡಿದವರಿಗೆ, ಅಷ್ಟೊಂದು ಹಣ ಎಲ್ಲಿ ಹೋಯಿತೆಂಬುದು ಊರಿಗೆ ಮರಳಿದ ಮೇಲೂ ತಿಳಿಯುವುದಿಲ್ಲ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಪ್ರವಾಸ ಈಗಲೂ ಕೊಟ್ಟ ಹಣಕ್ಕೆ ತಕ್ಕದ್ದಾಗಬಲ್ಲದು. ಆದರೆ ಅದು ಮಕ್ಕಳ ವಯಸ್ಸು, ಹೋಗುವ ವಾರ ಮತ್ತು ಸಾಲಿನಲ್ಲಿ ಕಳೆಯುವ ಸಮಯ ಇವುಗಳನ್ನು ಅವಲಂಬಿಸಿದೆಯೇ ಹೊರತು ಟಿಕೆಟ್ಟಿನ ದರವೊಂದನ್ನೇ ಅಲ್ಲ. ಆದ್ದರಿಂದ ಡಾಲರಿನ ಲೆಕ್ಕದ ಜೊತೆಗೆ ಗಂಟೆಗಳ ಲೆಕ್ಕವನ್ನೂ ಹಾಕಿದರೆ ಮಾತ್ರ ಸರಿಯಾದ ಉತ್ತರ ಸಿಗುತ್ತದೆ. ಆ ಲೆಕ್ಕವನ್ನು ಹೇಗೆ ಹಾಕಬೇಕೆಂಬುದನ್ನು ಇಲ್ಲಿ ವಿವರಿಸಿದ್ದೇನೆ.

ದರ ಇಲ್ಲಿಗೆ ಬಂದ ಬಗೆ

ಡಿಸ್ನಿ ವರ್ಲ್ಡ್ ಒರ್ಲ್ಯಾಂಡೊ ಬಳಿ 1971ರ ಅಕ್ಟೋಬರ್ 1ರಂದು ಮ್ಯಾಜಿಕ್ ಕಿಂಗ್‌ಡಮ್ ಎಂಬ ಒಂದೇ ಪಾರ್ಕಿನೊಂದಿಗೆ ತೆರೆದಾಗ ದೊಡ್ಡವರಿಗೆ ಪ್ರವೇಶದರ ಮೂರೂವರೆ ಡಾಲರ್ ಇತ್ತು. ರೈಡ್‌ಗಳಿಗೆ ಬೇರೆ ಕೂಪನ್ನು ಕೊಳ್ಳಬೇಕಿತ್ತು. 1982ರಲ್ಲಿ ಎಪ್ಕಾಟ್ ಎಂಬ ಎರಡನೆಯ ಪಾರ್ಕು ತೆರೆದ ಹೊತ್ತಿಗೆ ಕೂಪನ್ನಿನ ಪದ್ಧತಿ ಹೋಗಿ, ಒಂದೇ ಟಿಕೆಟ್ಟಿನಲ್ಲಿ ಎಲ್ಲ ರೈಡ್‌ಗಳೂ ಸೇರಿದವು. ಮುಂದೆ 1989ರಲ್ಲಿ ಈಗ ಹಾಲಿವುಡ್ ಸ್ಟುಡಿಯೋಸ್ ಎಂಬ ಹೆಸರಿನ ಪಾರ್ಕು, 1998ರಲ್ಲಿ ಅನಿಮಲ್ ಕಿಂಗ್‌ಡಮ್ ಸೇರಿ ನಾಲ್ಕು ಪಾರ್ಕುಗಳಾದವು. 2018ರಿಂದ ಟಿಕೆಟ್ಟಿನ ದರ ದಿನಾಂಕವನ್ನು ನೋಡಿಕೊಂಡು ಬದಲಾಗುತ್ತದೆ. ಜನ ಕಡಿಮೆ ಇರುವ ದಿನ ಅನಿಮಲ್ ಕಿಂಗ್‌ಡಮ್‌ಗೆ ಒಬ್ಬರಿಗೆ 119 ಡಾಲರ್ ಇದ್ದರೆ, ಮ್ಯಾಜಿಕ್ ಕಿಂಗ್‌ಡಮ್‌ಗೆ 2026ರ ವರ್ಷಾಂತ್ಯದ ರಜೆಯ ದಿನಗಳಲ್ಲಿ 209 ಡಾಲರ್ ಇದೆ. ಇದರ ಮೇಲೆ ತೆರಿಗೆ ಬೇರೆ.

ಆದರೂ ಟಿಕೆಟ್ಟಿನ ಏರಿಕೆಗಿಂತ ಹೆಚ್ಚು ಗಮನಿಸಬೇಕಾದದ್ದು, ಮೊದಲು ಟಿಕೆಟ್ಟಿನೊಳಗೇ ಸಿಗುತ್ತಿದ್ದ ಸೌಲಭ್ಯಗಳು ಒಂದೊಂದಾಗಿ ಹೊರಗೆ ಹೋದದ್ದು. 1999ರಲ್ಲಿ ಆರಂಭವಾದ ಫಾಸ್ಟ್‌ಪಾಸ್, ಅಂದರೆ ಗೊತ್ತುಪಡಿಸಿದ ಹೊತ್ತಿಗೆ ಬಂದು ಕಿರುಸಾಲಿನಲ್ಲಿ ಹೋಗುವ ವ್ಯವಸ್ಥೆ, ಎಲ್ಲರಿಗೂ ಉಚಿತವಾಗಿತ್ತು. 2020ರ ಮಾರ್ಚಿನಲ್ಲಿ ಪಾರ್ಕುಗಳು ಮುಚ್ಚಿದಾಗ ನಿಂತ ಆ ವ್ಯವಸ್ಥೆ ಮತ್ತೆ ಬರಲಿಲ್ಲ. 2021ರ ಅಕ್ಟೋಬರಿನಲ್ಲಿ ಅದರ ಜಾಗಕ್ಕೆ ದಿನಕ್ಕೆ ತಲಾ 15 ಡಾಲರಿನ ಜೀನಿ ಪ್ಲಸ್ ಬಂತು. 2024ರ ಜುಲೈಯಲ್ಲಿ ಅದಕ್ಕೆ ಲೈಟ್ನಿಂಗ್ ಲೇನ್ ಮಲ್ಟಿ ಪಾಸ್ ಎಂಬ ಹೊಸ ಹೆಸರು ಬಂತು. ಈಗ ಅದರ ದರವೂ ದಿನಕ್ಕೊಂದು ಬಗೆ. ಜನಜಂಗುಳಿಯ ದಿನಗಳಲ್ಲಿ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ತಲಾ 39 ಡಾಲರ್ ಮುಟ್ಟಿದ್ದುಂಟು. ಟ್ರಾನ್, ಗಾರ್ಡಿಯನ್ಸ್‌ನ ಕಾಸ್ಮಿಕ್ ರಿವೈಂಡ್, ರೈಸ್ ಆಫ್ ದಿ ರೆಸಿಸ್ಟೆನ್ಸ್‌ನಂತಹ ಅತಿ ಬೇಡಿಕೆಯ ರೈಡ್‌ಗಳು ಆ ಪಾಸಿನೊಳಗೂ ಬರುವುದಿಲ್ಲ, ಅವಕ್ಕೆ ಬಿಡಿ ಪಾಸು ಕೊಳ್ಳಬೇಕು. ವಿಮಾನ ನಿಲ್ದಾಣದಿಂದ ಡಿಸ್ನಿ ಹೋಟೆಲಿಗೆ ಉಚಿತವಾಗಿ ಓಡುತ್ತಿದ್ದ ಬಸ್ಸೂ 2022ರ ಆರಂಭಕ್ಕೆ ನಿಂತಿತು. ಹತ್ತು ವರ್ಷದ ಹಿಂದೆ ಹೋಗಿ ಬಂದವರು ಹೇಳುವ ಖರ್ಚು ಇಂದಿಗೆ ಹೊಂದದಿರಲು ಇದೇ ಕಾರಣ. ಅವರ ಸಲಹೆಯನ್ನು ಪ್ರೀತಿಯಿಂದ ಕೇಳಿ, ಆದರೆ ಅವರ ಲೆಕ್ಕವನ್ನು ನಂಬಿ ಹೊರಡಬೇಡಿ.

ದರ ಇಳಿಯಬಹುದೆಂದು ಕಾಯುವುದೂ ವ್ಯರ್ಥ. ಡಿಸ್ನಿ ಕಂಪನಿಯ 2024ರ ಹಣಕಾಸು ವರ್ಷದ ಕಾರ್ಯಾಚರಣೆಯ ಲಾಭದಲ್ಲಿ ಸುಮಾರು ಶೇ. 60ರಷ್ಟು ಬಂದದ್ದು ಪಾರ್ಕು, ಹೋಟೆಲು, ಹಡಗುಪ್ರವಾಸಗಳ ವಿಭಾಗದಿಂದ. ಇಷ್ಟು ಲಾಭ ಕೊಡುವ ವಿಭಾಗದ ದರವನ್ನು ಕಂಪನಿ ತಾನಾಗಿ ಇಳಿಸುವುದಿಲ್ಲ.

ಮೊದಲು ಪೂರ್ತಿ ಬಿಲ್ಲು, ಆಮೇಲೆ ಗಂಟೆಯ ಬೆಲೆ

ಒಂದು ಹಾಳೆಯನ್ನು ತೆಗೆದುಕೊಂಡು ಪ್ರವಾಸದ ಎಲ್ಲ ಖರ್ಚನ್ನೂ ಬರೆಯಿರಿ. ಲೆಕ್ಕದ ಬಗೆಯನ್ನು ತೋರಿಸುವುದಕ್ಕಾಗಿ ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಗಂಡ, ಹೆಂಡತಿ, ಆರು ಮತ್ತು ಒಂಬತ್ತು ವರ್ಷದ ಇಬ್ಬರು ಮಕ್ಕಳು. ನಾಲ್ಕು ದಿನ ಪಾರ್ಕು, ಐದು ರಾತ್ರಿ ಡಿಸ್ನಿಯ ಕಡಿಮೆ ದರದ ಹೋಟೆಲು. ನಾಲ್ವರ ಟಿಕೆಟ್ಟಿಗೆ 2,300 ಡಾಲರ್, ತೆರಿಗೆ ಸೇರಿ ಹೋಟೆಲಿಗೆ 1,050, ಮೂರು ದಿನದ ಲೈಟ್ನಿಂಗ್ ಲೇನ್‌ಗೆ 300, ಊಟತಿಂಡಿಗೆ 800, ವಿಮಾನಕ್ಕೆ 1,000, ನಿಲ್ದಾಣದಿಂದ ಓಡಾಟಕ್ಕೆ 250, ಮಕ್ಕಳ ಆಟಿಕೆ ಮತ್ತು ಟೋಪಿಗಳಿಗೆ 150 ಎಂದಿಟ್ಟುಕೊಂಡರೆ ಒಟ್ಟು 5,850 ಡಾಲರ್ ಆಗುತ್ತದೆ. ನಿಮ್ಮ ಊರು, ನಿಮ್ಮ ತಿಂಗಳು ಬೇರೆಯಾದರೆ ಅಂಕಿಗಳೂ ಬೇರೆಯಾಗುತ್ತವೆ. ಆಯಾ ದಿನಾಂಕದ ದರವನ್ನು ಡಿಸ್ನಿಯ ಜಾಲತಾಣದಲ್ಲೇ ನೋಡಿ ಬರೆದುಕೊಳ್ಳಿ.

ಈಗ ಪಾರ್ಕಿನೊಳಗೆ ಕಳೆಯುವ ಗಂಟೆಗಳನ್ನು ಎಣಿಸಿ. ನಾಲ್ಕು ದಿನ, ದಿನಕ್ಕೆ ಹತ್ತು ಗಂಟೆ, ಒಟ್ಟು 40 ಗಂಟೆ. 5,850ನ್ನು 40ರಿಂದ ಭಾಗಿಸಿದರೆ ಗಂಟೆಗೆ ಸುಮಾರು 146 ಡಾಲರ್. ನಿಮ್ಮ ಕುಟುಂಬ ಬಿಸಿಲಿನಲ್ಲಿ ಸಾಲಿನಲ್ಲಿ ನಿಂತು ಕಳೆಯುವ ಪ್ರತಿ ಗಂಟೆಗೂ ನೀವು ಈ 146 ಡಾಲರನ್ನು ಕೊಟ್ಟಿರುತ್ತೀರಿ. ಈ ಒಂದು ಸಂಖ್ಯೆ ಕೈಯಲ್ಲಿದ್ದರೆ ಮುಂದಿನ ಬಹುತೇಕ ನಿರ್ಧಾರಗಳು ಸುಲಭವಾಗುತ್ತವೆ.

ಲೈಟ್ನಿಂಗ್ ಲೇನ್ ಕೊಳ್ಳಬೇಕೇ ಎಂಬುದನ್ನೇ ನೋಡಿ. ತಲಾ 25 ಡಾಲರಿನಂತೆ ನಾಲ್ವರಿಗೆ ದಿನಕ್ಕೆ 100 ಡಾಲರ್ ಕೊಡುವುದು ಮೊದಲ ನೋಟಕ್ಕೆ ಸುಲಿಗೆಯಂತೆ ಕಾಣುತ್ತದೆ. ಆದರೆ ಅದು ದಿನದಲ್ಲಿ ಎರಡು ಗಂಟೆಯ ಕಾಯುವಿಕೆಯನ್ನು ಉಳಿಸುವುದಾದರೆ, ಗಂಟೆಗೆ 146 ಡಾಲರ್ ಬೀಳುವ ಸಮಯವನ್ನು ನೀವು 50 ಡಾಲರಿಗೆ ಮರಳಿ ಪಡೆದಂತಾಯಿತು. ಮ್ಯಾಜಿಕ್ ಕಿಂಗ್‌ಡಮ್ ಮತ್ತು ಹಾಲಿವುಡ್ ಸ್ಟುಡಿಯೋಸ್‌ನಲ್ಲಿ ಇದು ಸಾಮಾನ್ಯವಾಗಿ ನಿಜವಾಗುತ್ತದೆ. ದೊಡ್ಡ ಸಾಲಿನ ರೈಡ್‌ಗಳು ಕಡಿಮೆ ಇರುವ ಅನಿಮಲ್ ಕಿಂಗ್‌ಡಮ್‌ನಲ್ಲಿ ಇದರಿಂದ ಅಷ್ಟು ಪ್ರಯೋಜನವಿಲ್ಲ. ಅಲ್ಲಿ ಬೆಳಿಗ್ಗೆ ಬೇಗ ಹೋದರೆ ಸಾಕು. ಹೊತ್ತು ಕಾದಿರಿಸದೆಯೇ ಕಿರುಸಾಲಿನಲ್ಲಿ ಹೋಗಲು 2024ರ ಕೊನೆಯಲ್ಲಿ ಬಂದ ಪ್ರೀಮಿಯರ್ ಪಾಸಿಗಂತೂ ಆರಂಭದಲ್ಲೇ ಒಬ್ಬರಿಗೆ ಒಂದು ದಿನಕ್ಕೆ 129ರಿಂದ 449 ಡಾಲರಿನವರೆಗೆ ದರವಿತ್ತು. ಸಂಬಳದಲ್ಲಿ ಬದುಕುವ ಕುಟುಂಬ ಅದರ ಕಡೆ ನೋಡುವ ಅಗತ್ಯವೇ ಇಲ್ಲ.

ಹೊರಗಿನ ಅಗ್ಗದ ಹೋಟೆಲಿನ ಪ್ರಶ್ನೆಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಡಿಸ್ನಿಯ ಪಕ್ಕದ ಕಿಸಿಮಿ ಪಟ್ಟಣದಲ್ಲಿ ರಾತ್ರಿಗೆ 60 ಡಾಲರ್ ಕಡಿಮೆಗೆ ಕೋಣೆ ಸಿಕ್ಕರೆ ಐದು ರಾತ್ರಿಗೆ 300 ಡಾಲರ್ ಉಳಿಯಿತೆಂದು ಅನಿಸುತ್ತದೆ. ಆದರೆ ಪಾರ್ಕಿನ ವಾಹನ ನಿಲುಗಡೆಗೆ ದಿನಕ್ಕೆ 30 ಡಾಲರ್ ಎಂದಿಟ್ಟುಕೊಂಡರೂ ನಾಲ್ಕು ದಿನಕ್ಕೆ 120 ಹೋಯಿತು. ಡಿಸ್ನಿ ಹೋಟೆಲಿನಲ್ಲಿ ಉಳಿದವರಿಗೆ ಎಲ್ಲ ಪಾರ್ಕುಗಳಲ್ಲೂ ಪ್ರತಿದಿನ ಇತರರಿಗಿಂತ ಅರ್ಧ ಗಂಟೆ ಮೊದಲೇ ಪ್ರವೇಶವಿರುತ್ತದೆ, ಲೈಟ್ನಿಂಗ್ ಲೇನನ್ನು ಹೊರಗಿನವರು ಮೂರು ದಿನ ಮೊದಲು ಕಾದಿರಿಸಬಹುದಾದರೆ ಇವರು ಏಳು ದಿನ ಮೊದಲೇ ಕಾದಿರಿಸಬಹುದು. ಬೆಳಗಿನ ಆ ಅರ್ಧ ಗಂಟೆ ಮಧ್ಯಾಹ್ನದ ಒಂದೂವರೆ ಗಂಟೆಗೆ ಸಮ. ಆದ್ದರಿಂದ ನಾಲ್ವರ ಕುಟುಂಬಕ್ಕೆ ಒಳಗಿನ ಅಗ್ಗದ ಹೋಟೆಲೇ, ಅಂದರೆ ಪಾಪ್ ಸೆಂಚುರಿ ಅಥವಾ ಆಲ್ ಸ್ಟಾರ್ ಹೆಸರಿನವು, ಒಟ್ಟಾರೆ ಕಡಿಮೆ ಬೀಳುತ್ತವೆ. ಅಜ್ಜಅಜ್ಜಿಯರೂ ಸೇರಿ ಆರೇಳು ಜನರಿದ್ದರೆ ಲೆಕ್ಕ ತಿರುಗುತ್ತದೆ. ಆಗ ಎರಡು ಕೋಣೆ ಬೇಕಾಗುವುದರಿಂದ, ಅಡುಗೆಮನೆ ಇರುವ ಬಾಡಿಗೆ ಮನೆಯೇ ಒಳ್ಳೆಯದು.

ಕಾದ ಹೊತ್ತು ಮತ್ತು ಕಂಡ ಹೊತ್ತು

ಡಿಸ್ನಿಯ ರೈಡ್‌ಗಳೆಲ್ಲ ಒಂದೇ ಬಗೆಯವಲ್ಲ. ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೈನ್ ಮೂರು ನಿಮಿಷದೊಳಗೆ ಮುಗಿಯುತ್ತದೆ, ಫ್ಲೈಟ್ ಆಫ್ ಪ್ಯಾಸೇಜ್ ಐದು ನಿಮಿಷದಷ್ಟು. ರಜೆಯ ದಿನ ಇವುಗಳ ಮುಂದೆ ಒಂದು ಗಂಟೆಗೂ ಹೆಚ್ಚು ಕಾಯಬೇಕಾಗುತ್ತದೆ. ಇಂತಹ ಐದು ರೈಡ್‌ಗಳಿಗೆ ತಲಾ 70 ನಿಮಿಷ ನಿಂತರೆ ಸುಮಾರು ಆರು ಗಂಟೆ ಕಾದು, ಇಪ್ಪತ್ತು ನಿಮಿಷ ಆನಂದಿಸಿದಂತಾಗುತ್ತದೆ. ಇದರ ಎದುರಿಗೆ ಅನಿಮಲ್ ಕಿಂಗ್‌ಡಮ್‌ನ ಕಿಲಿಮಂಜಾರೋ ಸಫಾರಿಯನ್ನು ಇಟ್ಟು ನೋಡಿ. ತೆರೆದ ಲಾರಿಯಂತಹ ವಾಹನದಲ್ಲಿ ಸುಮಾರು ಇಪ್ಪತ್ತು ನಿಮಿಷ ಜಿರಾಫೆ, ಆನೆ, ಸಿಂಹಗಳ ನಡುವೆ ಕರೆದೊಯ್ಯುತ್ತಾರೆ. ಮೂರು ವರ್ಷದ ಮಗುವಿನಿಂದ ಎಪ್ಪತ್ತು ವರ್ಷದ ಅಜ್ಜಿಯವರೆಗೆ ಎಲ್ಲರೂ ಕೂರಬಹುದು. ಲಯನ್ ಕಿಂಗ್ ಹಬ್ಬದ ಪ್ರದರ್ಶನ ಅರ್ಧ ಗಂಟೆಯದು. ಎಪ್ಕಾಟ್‌ನ ಲಿವಿಂಗ್ ವಿತ್ ದಿ ಲ್ಯಾಂಡ್‌ನಲ್ಲಿ ದೋಣಿಯಲ್ಲಿ ಕುಳಿತು ಹಸಿರುಮನೆಗಳ ನಡುವೆ ಹಾದುಹೋಗುವುದಕ್ಕೆ ಹದಿನಾಲ್ಕು ನಿಮಿಷ. ಕೃಷಿ ಹಿನ್ನೆಲೆಯಿಂದ ಬಂದ ನಮ್ಮ ಹಿರಿಯರಿಗೆ ಇದರಷ್ಟು ಹಿಡಿಸುವುದು ಇನ್ನೊಂದಿಲ್ಲ. ಮ್ಯಾಜಿಕ್ ಕಿಂಗ್‌ಡಮ್‌ನ ಪೀಪಲ್‌ಮೂವರ್‌ನಲ್ಲಿ ಹತ್ತು ನಿಮಿಷ ನೆರಳಲ್ಲಿ ಕುಳಿತು ಗಾಳಿ ತೆಗೆದುಕೊಳ್ಳಬಹುದು.

ಆದ್ದರಿಂದ ಹೊರಡುವ ಮೊದಲು ಮನೆಯವರೆಲ್ಲ ಒಟ್ಟಿಗೆ ಕುಳಿತು, ಪ್ರತಿಯೊಬ್ಬರೂ ತಮಗೆ ಬೇಕೇ ಬೇಕೆನಿಸುವ ಎರಡು ರೈಡ್‌ಗಳನ್ನು ಮಾತ್ರ ಬರೆಯಲಿ. ಬರೆದ ರೈಡ್‌ಗಳನ್ನು ಬೆಳಗಿನ ಮೊದಲ ಎರಡು ಗಂಟೆಗಳಿಗೆ ಮತ್ತು ಲೈಟ್ನಿಂಗ್ ಲೇನ್‌ಗೆ ಹಂಚಿ, ಮಧ್ಯಾಹ್ನವನ್ನು ಪ್ರದರ್ಶನಗಳಿಗೂ ಉದ್ದನೆಯ ನಿಧಾನ ರೈಡ್‌ಗಳಿಗೂ ಬಿಡಿ. ಪಟ್ಟಿಯಲ್ಲಿರುವುದನ್ನೆಲ್ಲ ಮುಗಿಸಲೇಬೇಕೆಂದು ಮಕ್ಕಳ ಕೈ ಹಿಡಿದು ಓಡುವ ತಂದೆತಾಯಿಯರನ್ನು ಅಲ್ಲಿ ದಿನವೂ ಕಾಣಬಹುದು. ಅಷ್ಟು ಹಣ ಕೊಟ್ಟ ಮೇಲೆ ಆ ಆತುರ ಸಹಜ, ಆದರೆ ಮಕ್ಕಳ ಅಳು ಶುರುವಾಗುವುದೂ ಅಲ್ಲಿಂದಲೇ. ಪಟ್ಟಿಯನ್ನು ಬರೆಯುವಾಗ ಯಾರಿಗೂ ಎರಡು ರೈಡ್‌ಗಳ ಹೆಸರು ಹೊಳೆಯದಿದ್ದರೆ, ನಿಮ್ಮ ಮನೆಯವರಿಗೆ ಬೇಕಾಗಿರುವುದು ಡಿಸ್ನಿ ಅಲ್ಲ, ಒಂದು ರಜೆ ಮಾತ್ರ ಎಂದು ತಿಳಿಯಬೇಕು. ಇದನ್ನು ನಾನು ಬಹಳ ಮುಖ್ಯವಾದ ಪರೀಕ್ಷೆಯೆಂದು ಭಾವಿಸುತ್ತೇನೆ.

ಯಾವ ವಯಸ್ಸಿನಲ್ಲಿ

ಮೂರು ವರ್ಷದೊಳಗಿನ ಮಗುವಿಗೆ ಟಿಕೆಟ್ಟಿಲ್ಲ. ಈ ಕಾರಣಕ್ಕೇ ಎರಡು ವರ್ಷ ಒಂಬತ್ತು ತಿಂಗಳಿಗೆ ಕರೆದೊಯ್ಯುವ ಜಾಣತನವನ್ನು ಅನೇಕರು ತೋರಿಸುತ್ತಾರೆ. ಒಂದೇ ಮಗುವಾದರೆ ಅದು ನನಗೆ ಒಪ್ಪಿಗೆಯಿಲ್ಲ. ಮಗುವಿನ ಟಿಕೆಟ್ಟು ಉಳಿದರೂ ದೊಡ್ಡವರಿಬ್ಬರ ಟಿಕೆಟ್ಟು, ಹೋಟೆಲು, ವಿಮಾನ ಎಲ್ಲವೂ ಇದ್ದೇ ಇರುತ್ತವೆ, ಮಗು ದಿನದ ಅರ್ಧ ಭಾಗ ಸ್ಟ್ರೋಲರಿನಲ್ಲಿ ನಿದ್ದೆ ಮಾಡುತ್ತದೆ. ಹಿರಿಯ ಮಗುವಿಗಾಗಿ ಹೋಗುವಾಗ ಕಿರಿಯದೂ ಜೊತೆಗೆ ಬಂದರೆ ಆ ಮಾತು ಬೇರೆ. ಹತ್ತು ತುಂಬಿದರೆ ದೊಡ್ಡವರ ಟಿಕೆಟ್ಟು ಬೇಕಾಗುತ್ತದೆಯಾದರೂ ಮಕ್ಕಳ ದರಕ್ಕೂ ಅದಕ್ಕೂ ಇರುವ ವ್ಯತ್ಯಾಸ ಅಲ್ಪ, ಅದಕ್ಕಾಗಿ ಅವಸರಪಡಬೇಕಿಲ್ಲ.

ವಯಸ್ಸಿಗಿಂತ ಎತ್ತರ ಮುಖ್ಯ. ಮನೆಯಲ್ಲೇ ಶೂ ಹಾಕಿಸಿ ಅಳೆಯಿರಿ. ಸೆವೆನ್ ಡ್ವಾರ್ಫ್ಸ್ ಮತ್ತು ಸ್ಲಿಂಕಿ ಡಾಗ್‌ಗೆ 38 ಇಂಚು, ರೈಸ್ ಆಫ್ ದಿ ರೆಸಿಸ್ಟೆನ್ಸ್‌ಗೆ 40, ಕಾಸ್ಮಿಕ್ ರಿವೈಂಡ್‌ಗೆ 42, ಸ್ಪೇಸ್ ಮೌಂಟನ್ ಮತ್ತು ಫ್ಲೈಟ್ ಆಫ್ ಪ್ಯಾಸೇಜ್‌ಗೆ 44, ಟ್ರಾನ್‌ಗೆ 48 ಇಂಚು, ಅಂದರೆ 122 ಸೆಂಟಿಮೀಟರ್ ಬೇಕು. ಬಾಗಿಲಲ್ಲಿ ನಿಂತ ಸಿಬ್ಬಂದಿ ಅಳತೆಗೋಲನ್ನು ಇಟ್ಟು ನೋಡುತ್ತಾರೆ, ಅರ್ಧ ಇಂಚಿಗೂ ರಿಯಾಯಿತಿ ಇಲ್ಲ. ನಿಮ್ಮ ಕಿರಿಯ ಮಗು 44 ಇಂಚು ಮುಟ್ಟುವವರೆಗೆ ಕಾದರೆ ಅದೇ ಹಣಕ್ಕೆ ಬಹಳ ಹೆಚ್ಚು ಸಿಗುತ್ತದೆ. ಏಳರಿಂದ ಹನ್ನೊಂದರ ನಡುವಿನ ವಯಸ್ಸು ಇದಕ್ಕೆ ಹೇಳಿ ಮಾಡಿಸಿದ್ದು. ಆಗ ಮಕ್ಕಳು ನಡೆಯಬಲ್ಲರು, ಕಾಯಬಲ್ಲರು, ರಾಜಕುಮಾರಿಯ ಮುಂದೆ ನಿಂತಾಗ ಇನ್ನೂ ಪೂರ್ತಿಯಾಗಿ ನಂಬಬಲ್ಲರು. ಒಂದು ಮಗು ಎತ್ತರಕ್ಕೆ ಸಾಲದಿದ್ದರೆ ಆ ರೈಡ್‌ನ ಪ್ರವೇಶದ್ವಾರದಲ್ಲೇ ‘ರೈಡರ್ ಸ್ವಿಚ್’ ಕೇಳಿ. ಒಬ್ಬರು ಮಗುವಿನೊಂದಿಗೆ ಹೊರಗಿದ್ದು, ಇನ್ನೊಬ್ಬರು ಬಂದ ಮೇಲೆ ಪೂರ್ತಿ ಸಾಲಿನಲ್ಲಿ ನಿಲ್ಲದೆ ಹೋಗಬಹುದು. ಇದಕ್ಕೆ ಹಣವಿಲ್ಲ.

ಹದಿಹರೆಯದವರಿದ್ದರೆ ಅವರನ್ನು ಕೇಳಿ ನಿರ್ಧರಿಸಿ. ಅನೇಕರಿಗೆ ಅದೇ ಒರ್ಲ್ಯಾಂಡೊದಲ್ಲಿರುವ ಯೂನಿವರ್ಸಲ್ ಹೆಚ್ಚು ಇಷ್ಟವಾಗುತ್ತದೆ. 2025ರ ಮೇ 22ರಂದು ಅಲ್ಲಿ ಎಪಿಕ್ ಯೂನಿವರ್ಸ್ ಎಂಬ ಹೊಸ ಪಾರ್ಕು ತೆರೆದಿದೆ.

ಊರಿನಿಂದ ಬಂದ ಹಿರಿಯರು

ಕರ್ನಾಟಕದಿಂದ ಅಪ್ಪ, ಅಮ್ಮ ಅಥವಾ ಅತ್ತೆ, ಮಾವ ಬಂದಾಗಲೇ ಈ ಪ್ರವಾಸವನ್ನು ಇಟ್ಟುಕೊಳ್ಳುವುದು ನಮ್ಮಲ್ಲಿ ವಾಡಿಕೆ. ಮೊಮ್ಮಕ್ಕಳೊಂದಿಗೆ ಅವರೂ ನೋಡಲಿ ಎಂಬ ಆಸೆ ಒಳ್ಳೆಯದೇ. ಆದರೆ ದಿನಕ್ಕೆ ಹತ್ತು ಕಿಲೋಮೀಟರಿಗೂ ಹೆಚ್ಚು ನಡೆಯಬೇಕಾದ ಜಾಗವಿದು. ಮೊಣಕಾಲು ನೋವಿರುವವರು ಎರಡನೆಯ ದಿನಕ್ಕೇ ಸೋತುಹೋಗುತ್ತಾರೆ, ಆದರೂ ‘ಇಷ್ಟು ದುಡ್ಡು ಕೊಟ್ಟಿದ್ದೀರಲ್ಲ’ ಎಂದು ಬಾಯಿಬಿಟ್ಟು ಹೇಳದೆ ನಡೆಯುತ್ತಲೇ ಇರುತ್ತಾರೆ. ಅವರಿಗೆ ನಾಲ್ಕು ದಿನದ ಟಿಕೆಟ್ಟು ತೆಗೆಯಬೇಡಿ. ಒಂದು ದಿನಕ್ಕೆ ಅನಿಮಲ್ ಕಿಂಗ್‌ಡಮ್ ಅಥವಾ ಎಪ್ಕಾಟ್ ಸಾಕು, ಪಾರ್ಕಿನ ಬಾಗಿಲಲ್ಲೇ ವ್ಹೀಲ್‌ಚೇರ್ ಬಾಡಿಗೆಗೆ ಸಿಗುತ್ತದೆ, ಅದನ್ನು ಸಂಕೋಚಪಡದೆ ತೆಗೆದುಕೊಳ್ಳುವಂತೆ ಮೊದಲೇ ಮಾತಾಡಿಡಿ. ಸಾಲಿನಲ್ಲಿ ನಿಲ್ಲಲಾಗದವರಿಗೆ ಬೇರೆ ದಾರಿ ಮಾಡಿಕೊಡುವ ಡಿಎಎಸ್ ಎಂಬ ವ್ಯವಸ್ಥೆ 2024ರಿಂದ ಬಿಗಿಯಾಗಿದೆ. ಅದು ಮುಖ್ಯವಾಗಿ ಆಟಿಸಂನಂತಹ ಬೆಳವಣಿಗೆಯ ತೊಂದರೆಗಳಿರುವವರಿಗೆ, ಮೊಣಕಾಲು ನೋವಿಗೆ ಅದನ್ನು ನೆಚ್ಚಿಕೊಳ್ಳಬೇಡಿ.

ಉಳಿದ ದಿನಗಳಲ್ಲಿ ಅವರಿಗೆ ಟಿಕೆಟ್ಟೇ ಬೇಡದ ಚೆಲುವಾದ ಜಾಗಗಳಿವೆ. ಹೋಟೆಲುಗಳನ್ನು ಸುತ್ತುವ ಮಾನೊರೈಲು ಮತ್ತು ಸ್ಕೈಲೈನರ್ ಎಂಬ ತೂಗುಡಬ್ಬಿಯ ಪಯಣ ಉಚಿತ. ಡಿಸ್ನಿ ಸ್ಪ್ರಿಂಗ್ಸ್ ಪೇಟೆಗೆ ಪ್ರವೇಶವೂ ವಾಹನ ನಿಲುಗಡೆಯೂ ಉಚಿತ. ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನ ಸನಾ ಎಂಬ ಊಟದ ಮನೆಯಲ್ಲಿ ಆಫ್ರಿಕ ಮತ್ತು ಭಾರತದ ರುಚಿಗಳು ಬೆರೆತ ಅಡುಗೆ ಇದೆ, ಬಗೆಬಗೆಯ ಚಟ್ನಿಗಳೊಂದಿಗೆ ಬಿಸಿ ನಾನ್ ತಂದಿಡುತ್ತಾರೆ, ಕಿಟಕಿಯಾಚೆ ಜಿರಾಫೆ, ಜೀಬ್ರಾಗಳು ಮೇಯುತ್ತಿರುತ್ತವೆ. ಪಾರ್ಕಿನ ಟಿಕೆಟ್ಟಿಲ್ಲದೆ ಅಲ್ಲಿಗೆ ಹೋಗಬಹುದು, ಮೇಜನ್ನು ಮಾತ್ರ ಮೊದಲೇ ಕಾದಿರಿಸಿ.

ಯಾವ ವಾರ

ಕ್ರಿಸ್‌ಮಸ್ಸಿನಿಂದ ಹೊಸ ವರ್ಷದವರೆಗಿನ ವಾರ, ಥ್ಯಾಂಕ್ಸ್‌ಗಿವಿಂಗ್, ಮಾರ್ಚ್ ಮತ್ತು ಏಪ್ರಿಲಿನ ವಸಂತ ರಜೆ ಇವುಗಳಲ್ಲಿ ಮಾತ್ರ ಬಿಡುವಿರುವುದಾದರೆ ನನ್ನ ಸಲಹೆ ನೇರವಾಗಿದೆ: ಆ ವರ್ಷ ಹೋಗಬೇಡಿ. ಟಿಕೆಟ್ಟು, ಹೋಟೆಲು, ಲೈಟ್ನಿಂಗ್ ಲೇನ್ ಮೂರೂ ತುತ್ತತುದಿಯ ದರದಲ್ಲಿರುತ್ತವೆ, ಸಾಲುಗಳೂ ಹಾಗೆಯೇ; ಹೆಚ್ಚು ಕೊಟ್ಟು ಕಡಿಮೆ ಪಡೆಯುವ ವಾರಗಳವು. ಜನವರಿಯ ಕೊನೆಯಿಂದ ಫೆಬ್ರವರಿಯ ಮೊದಲ ಭಾಗ, ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್, ಥ್ಯಾಂಕ್ಸ್‌ಗಿವಿಂಗ್ ಕಳೆದ ಮೇಲಿನ ಡಿಸೆಂಬರಿನ ಮೊದಲ ವಾರ ಇವು ಹಗುರವಾದವು. ಫ್ಲಾರಿಡಾದ ಶಾಲೆಗಳು ಆಗಸ್ಟ್ ಎರಡನೆಯ ವಾರಕ್ಕೇ ತೆರೆಯುತ್ತವೆ. ನ್ಯೂಜೆರ್ಸಿಯಂತಹ ಉತ್ತರದ ರಾಜ್ಯಗಳಲ್ಲಿ ಶಾಲೆ ಆರಂಭವಾಗುವುದು ಸೆಪ್ಟೆಂಬರಿನಲ್ಲಿ. ಅಲ್ಲಿರುವವರು ಆಗಸ್ಟ್ ಕೊನೆಯ ಹತ್ತು ದಿನಗಳನ್ನು ಚೆನ್ನಾಗಿ ಬಳಸಿಕೊಳ್ಳಬಹುದು. ಸೆಖೆ ಮಂಗಳೂರಿನ ಮೇ ತಿಂಗಳಿನಷ್ಟೇ ಇರುತ್ತದೆ, ಮಧ್ಯಾಹ್ನ ಗುಡುಗುಮಳೆ ಬಂದರೆ ಹೊರಗಿನ ರೈಡ್‌ಗಳನ್ನು ನಿಲ್ಲಿಸುತ್ತಾರೆ. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲವೂ ಹೌದು. 2024ರ ಅಕ್ಟೋಬರಿನಲ್ಲಿ ಮಿಲ್ಟನ್ ಚಂಡಮಾರುತಕ್ಕೆ ಪಾರ್ಕುಗಳು ಮುಚ್ಚಿದ್ದವು. ವಿಮಾನದ ಟಿಕೆಟ್ಟನ್ನು ಬದಲಾಯಿಸಬಹುದಾದ ದರದಲ್ಲಿ ಕೊಂಡರೆ ಈ ಅಪಾಯವನ್ನು ತಡೆದುಕೊಳ್ಳಬಹುದು.

ಊಟ ಮತ್ತು ಸಣ್ಣ ಖರ್ಚುಗಳು

ಪಾರ್ಕಿನೊಳಗೆ ಹೊರಗಿನ ತಿಂಡಿಯನ್ನು ಒಯ್ಯಬಹುದೆಂಬುದು ಬಹಳ ಜನರಿಗೆ ತಿಳಿದಿಲ್ಲ. ಗಾಜಿನ ಪಾತ್ರೆ, ಮದ್ಯದಂತಹವು ಕೂಡದು. ಚಪಾತಿ ಪಲ್ಯ, ಪುಳಿಯೋಗರೆ, ನಿಪ್ಪಟ್ಟು, ಕೋಡುಬಳೆ ಯಾವುದಕ್ಕೂ ಅಡ್ಡಿಯಿಲ್ಲ. ಸೆಖೆಯ ದಿನ ಮೊಸರನ್ನವನ್ನು ಮಾತ್ರ ತಂಪಿನ ಚೀಲದಲ್ಲಿಡಬೇಕು. ಬೆಳಗಿನ ತಿಂಡಿಯನ್ನು ಕೋಣೆಯಲ್ಲೇ ಮುಗಿಸಿ, ಮಧ್ಯಾಹ್ನದ ಬುತ್ತಿಯನ್ನು ಒಯ್ದು, ಸಂಜೆ ಮಾತ್ರ ಹೊರಗೆ ತಿಂದರೆ ಊಟದ ಖರ್ಚು ಅರ್ಧಕ್ಕೆ ಇಳಿಯುತ್ತದೆ, ಸಸ್ಯಾಹಾರಿಗಳ ಪರದಾಟವೂ ತಪ್ಪುತ್ತದೆ. ನೀರಿನ ಬಾಟಲಿಗೆ ಹಣ ಕೊಡಬೇಡಿ, ತಿಂಡಿಯ ಕೌಂಟರುಗಳಲ್ಲಿ ಕೇಳಿದರೆ ಲೋಟದಲ್ಲಿ ಐಸ್ ನೀರನ್ನು ಉಚಿತವಾಗಿ ಕೊಡುತ್ತಾರೆ. ಡಿಸ್ನಿಯ ಛಾಯಾಗ್ರಾಹಕರನ್ನು ಕೇಳಿಕೊಂಡರೆ ನಿಮ್ಮದೇ ಫೋನಿನಲ್ಲೂ ಚಿತ್ರ ತೆಗೆದುಕೊಡುತ್ತಾರೆ. ಮಳೆಯಂಗಿ, ಕಿವಿಯ ಟೋಪಿ, ರಾಜಕುಮಾರಿಯ ಉಡುಪು ಇವನ್ನು ಮನೆಯಿಂದಲೇ ಒಯ್ಯಿರಿ, ಪಾರ್ಕಿನೊಳಗೆ ಇವುಗಳ ಬೆಲೆ ಹಲವು ಪಟ್ಟು.

ಕಿಸಿಮಿಯ ರಸ್ತೆಬದಿಯಲ್ಲಿ ಅರ್ಧ ಬೆಲೆಗೆ ಅಥವಾ ಉಚಿತವಾಗಿ ಟಿಕೆಟ್ಟು ಕೊಡುತ್ತೇವೆಂದು ಕರೆಯುವವರನ್ನು ನಂಬಬೇಡಿ. ಅದರ ಹಿಂದೆ ಸಾಮಾನ್ಯವಾಗಿ ಟೈಮ್‌ಶೇರ್, ಅಂದರೆ ರಜೆಯ ಮನೆಯಲ್ಲಿ ವರ್ಷಕ್ಕೆ ಕೆಲವು ದಿನ ಉಳಿಯುವ ಹಕ್ಕಿನ ಮಾರಾಟದ ಸಭೆ ಇರುತ್ತದೆ. ಅರ್ಧ ದಿನ ಕೂರಿಸಿ, ಸಾವಿರಾರು ಡಾಲರಿನ ಕರಾರಿಗೆ ಸಹಿ ಹಾಕಿಸಿಕೊಳ್ಳುವುದು ಅವರ ಉದ್ದೇಶ. ಅರ್ಧ ದಿನದ ಬೆಲೆ ಎಷ್ಟೆಂದು ನಿಮ್ಮ ಹಾಳೆಯಲ್ಲೇ ಇದೆ.

ಲೆಕ್ಕ ಹೊಂದದಿದ್ದರೆ

ಬಿಲ್ಲನ್ನು ಕ್ರೆಡಿಟ್ ಕಾರ್ಡಿನಲ್ಲಿ ಉಳಿಸಿಕೊಂಡು ತಿಂಗಳುಗಟ್ಟಲೆ ಬಡ್ಡಿ ಕಟ್ಟಬೇಕಾಗುವುದಾದರೆ ಹೋಗಬೇಡಿ. ಇದರಲ್ಲಿ ನನಗೆ ಎರಡು ಮಾತಿಲ್ಲ. 2024ರಲ್ಲಿ ಲೆಂಡಿಂಗ್‌ಟ್ರೀ ಸಂಸ್ಥೆ ಅಮೆರಿಕದಲ್ಲಿ ನಡೆಸಿದ ಸಮೀಕ್ಷೆಯಲ್ಲಿ, 18ರೊಳಗಿನ ಮಕ್ಕಳಿದ್ದು ಡಿಸ್ನಿಗೆ ಹೋಗಿ ಬಂದ ತಂದೆತಾಯಿಯರಲ್ಲಿ ಶೇ. 45ರಷ್ಟು ಜನ ಅದಕ್ಕಾಗಿ ಸಾಲ ಮಾಡಿದ್ದಾಗಿ ಹೇಳಿದ್ದರು. ಮಕ್ಕಳಿಗೆ ಈ ವರ್ಷ ಆಗುವುದಿಲ್ಲ ಎಂದು ಹೇಳುವುದು ಅವಮಾನವಲ್ಲ. ಯಾಕೆ ಆಗುವುದಿಲ್ಲ ಎಂಬುದನ್ನು ಅದೇ ಹಾಳೆಯನ್ನು ತೋರಿಸಿ ವಿವರಿಸಿದರೆ ಎಂಟು ವರ್ಷದ ಮಗುವಿಗೂ ಅರ್ಥವಾಗುತ್ತದೆ.

ಮಕ್ಕಳಿಗೆ ಬೇಕಾಗಿರುವುದು ರೈಡ್‌ಗಳಾದರೆ ಹತ್ತಿರದಲ್ಲೇ ಸಿಗುತ್ತವೆ. ಪೆನ್ಸಿಲ್ವೇನಿಯಾದ ಎಲಿಸ್‌ಬರ್ಗಿನಲ್ಲಿ 1926ರಿಂದ ನಡೆಯುತ್ತಿರುವ ನೋಬೆಲ್ಸ್ ಪಾರ್ಕಿಗೆ ಪ್ರವೇಶವೂ ವಾಹನ ನಿಲುಗಡೆಯೂ ಉಚಿತ, ಹತ್ತಿದ ರೈಡ್‌ಗೆ ಮಾತ್ರ ಹಣ ಕೊಡಬೇಕು. ಅಜ್ಜಅಜ್ಜಿ ಮರದ ನೆರಳಲ್ಲಿ ಒಂದು ಪೈಸೆ ಖರ್ಚಿಲ್ಲದೆ ಕೂರಬಹುದು. ಓಹಿಯೋದಲ್ಲಿ ಸೀಡರ್ ಪಾಯಿಂಟ್ ಮತ್ತು ಕಿಂಗ್ಸ್ ಐಲ್ಯಾಂಡ್, ಟೆನೆಸಿಯಲ್ಲಿ ಡಾಲಿವುಡ್, ಪೆನ್ಸಿಲ್ವೇನಿಯಾದಲ್ಲೇ ಹರ್ಷೀಪಾರ್ಕ್ ಇವೆ. ಫ್ಲಾರಿಡಾವನ್ನೇ ನೋಡಬೇಕೆಂದಿದ್ದರೆ ಡಿಸ್ನಿಯನ್ನು ಒಂದೆರಡು ದಿನಕ್ಕೆ ಇಳಿಸಿ. ಒರ್ಲ್ಯಾಂಡೊದಿಂದ ಪೂರ್ವಕ್ಕೆ ಒಂದು ಗಂಟೆಯ ದಾರಿಯಲ್ಲಿರುವ ಕೆನಡಿ ಬಾಹ್ಯಾಕಾಶ ಕೇಂದ್ರದಲ್ಲಿ ಸ್ಯಾಟರ್ನ್ 5 ರಾಕೆಟ್ಟನ್ನೂ, ನಿಜವಾಗಿ ಬಾಹ್ಯಾಕಾಶಕ್ಕೆ ಹೋಗಿ ಬಂದ ಅಟ್ಲಾಂಟಿಸ್ ನೌಕೆಯನ್ನೂ ಕಣ್ಣಾರೆ ಕಾಣಬಹುದು. ವೆಕೈವಾ ಸ್ಪ್ರಿಂಗ್ಸ್ ಉದ್ಯಾನದಲ್ಲಿ ವರ್ಷವಿಡೀ 22 ಡಿಗ್ರಿಯ ತಿಳಿನೀರಿನ ಚಿಲುಮೆಯಲ್ಲಿ ಈಜಬಹುದು, ಇಡೀ ಕಾರಿಗೆ ಆರು ಡಾಲರ್. ಚಳಿಗಾಲದಲ್ಲಿ ಬ್ಲೂ ಸ್ಪ್ರಿಂಗ್‌ನಲ್ಲಿ ನೂರಾರು ಮ್ಯಾನಟಿಗಳು, ಅಂದರೆ ಕಡಲಹಸುಗಳು, ಬೆಚ್ಚನೆಯ ನೀರಿಗೆ ಬಂದು ಸೇರುತ್ತವೆ.

ಕರ್ನಾಟಕದಲ್ಲಿದ್ದು ಇದನ್ನು ಓದುತ್ತಿರುವವರು ಥೀಮ್ ಪಾರ್ಕಿಗಾಗಿಯೇ ಅಮೆರಿಕಕ್ಕೆ ಹಾರುವುದನ್ನು ನಾನು ಒಪ್ಪಲಾರೆ. ಟೋಕಿಯೊ ಡಿಸ್ನಿಲ್ಯಾಂಡಿನ ಒಂದು ದಿನದ ಟಿಕೆಟ್ಟು 2023ರ ಅಕ್ಟೋಬರಿನ ಏರಿಕೆಯ ನಂತರವೂ 7,900ರಿಂದ 10,900 ಯೆನ್, ಅಂದರೆ ಒರ್ಲ್ಯಾಂಡೊದ ದರದ ಅರ್ಧಕ್ಕಿಂತಲೂ ಕಡಿಮೆ. ಬೆಂಗಳೂರಿನಿಂದ ನರೀತಾಗೆ ನೇರ ವಿಮಾನವೂ ಇದೆ. ಅಲ್ಲಿ ಸಸ್ಯಾಹಾರ ಸಿಗುವುದು ಕಷ್ಟ, ಬುತ್ತಿಯ ಸಿದ್ಧತೆ ಬೇಕು. ಸಿಂಗಪುರದ ಯೂನಿವರ್ಸಲ್ ಚಿಕ್ಕದು, ಒಂದು ದಿನಕ್ಕೆ ಮುಗಿಯುತ್ತದೆ, ಉಳಿದ ದಿನಗಳಿಗೆ ಊರಿದೆ. ಮಕ್ಕಳು ಇಂತಹ ಜಾಗವನ್ನು ನಿಜವಾಗಿ ಇಷ್ಟಪಡುತ್ತಾರೆಯೇ ಎಂದು ತಿಳಿಯಲು ಬಿಡದಿಯ ವಂಡರ್‌ಲಾದಲ್ಲಿ ಒಂದು ದಿನ ಕಳೆದು ನೋಡಿದರೆ ಸಾಕು.

ಬುಕ್ ಮಾಡುವ ಕ್ರಮ

ಲೆಕ್ಕ ಹೊಂದಿತು, ಹೋಗುವುದೇ ಸರಿ ಎಂದಾದರೆ ಹೋಟೆಲು ಮತ್ತು ಟಿಕೆಟ್ಟು ಸೇರಿದ ಪ್ಯಾಕೇಜನ್ನು ಡಿಸ್ನಿಯಿಂದಲೇ ಮುಂಗಡ ಕೊಟ್ಟು ಕಾದಿರಿಸಿ. ಬರುವ ದಿನಕ್ಕೆ 30 ದಿನ ಮೊದಲಿನವರೆಗೆ ರದ್ದು ಮಾಡಿದರೆ ಪೂರ್ತಿ ಹಣ ಮರಳುತ್ತದೆ, ಆಮೇಲೆ ರದ್ದತಿಯ ದಂಡ ಬೀಳುತ್ತದೆ. ಬಿಡಿಯಾಗಿ ಕೊಂಡ ಟಿಕೆಟ್ಟಿಗೆ ಹಣ ಮರಳುವುದಿಲ್ಲವಾದರೂ, ಬಳಸದೆ ಉಳಿದ ಟಿಕೆಟ್ಟಿನ ಮೊತ್ತವನ್ನು ಮುಂದೆ ಕೊಳ್ಳುವ ಟಿಕೆಟ್ಟಿಗೆ ಸೇರಿಸಿಕೊಳ್ಳಬಹುದು. ಆದ್ದರಿಂದ 35 ದಿನ ಮೊದಲಿನ ಒಂದು ದಿನಾಂಕವನ್ನು ಫೋನಿನಲ್ಲಿ ಗುರುತು ಹಾಕಿಕೊಂಡು, ಅಂದು ಹಾಳೆಯನ್ನು ಮತ್ತೆ ತೆಗೆದು, ಬದಲಾದ ದರಗಳನ್ನು ತಿದ್ದಿ, ಮಕ್ಕಳ ಎತ್ತರವನ್ನು ಇನ್ನೊಮ್ಮೆ ಅಳೆದು, ಹಿರಿಯರ ಆರೋಗ್ಯವನ್ನು ವಿಚಾರಿಸಿ. ಆ ದಿನವೂ ಲೆಕ್ಕ ಸರಿಯಾಗಿದ್ದರೆ ಉಳಿದ ಹಣವನ್ನು ಕಟ್ಟಿ. ಡಿಸ್ನಿ ಹೋಟೆಲಿನಲ್ಲಿ ಉಳಿಯುವವರು ತಲುಪುವ ದಿನಕ್ಕೆ ಏಳು ದಿನ ಮೊದಲು ಬೆಳಿಗ್ಗೆ, ಆ್ಯಪ್ ತೆರೆದು ಲೈಟ್ನಿಂಗ್ ಲೇನ್‌ನ ಹೊತ್ತುಗಳನ್ನು ಆರಿಸಿಕೊಳ್ಳಬೇಕು. ಮನೆಯವರು ಬರೆದುಕೊಟ್ಟ ಎರಡೆರಡು ರೈಡ್‌ಗಳ ಪಟ್ಟಿ ಆಗ ಕೈಯಲ್ಲಿರಲಿ.